ಕುಲಪತಿ ಡಿ.ಸಿ. ಪಾವಟೆ: ಅವಧಿ ಮತ್ತು ಸಾಧನೆ

ಕುಲಪತಿಗಳು ನಿವೃತ್ತರಾಗುವ ಸಂದರ್ಭದಲ್ಲಿ ಅವರ ಕಾಲದಲ್ಲಿ ಎದ್ದ ಕಟ್ಟಡಗಳನ್ನೂ ತೆರೆದ ವಿಭಾಗಗಳನ್ನೂ ಎಣಿಸಿ ಅಭಿನಂದಿಸುವ ಪರಿಪಾಠ ರೂಢಿಯಲ್ಲಿದೆ. ಆದರೆ ಒಂದು ಆಡಳಿತಾವಧಿಯ ನಿಜವಾದ ಬೆಲೆ ಗೊತ್ತಾಗುವುದು ಆ ಅವಧಿ ಮುಗಿದು ಬಹುಕಾಲ ಸಂದ ಮೇಲೆಯೇ. 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯವನ್ನು ಮುನ್ನಡೆಸಿದ ದಾದಪ್ಪ ಚಿಂತಪ್ಪ ಪಾವಟೆಯವರ (1899-1979) ಬದುಕನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಉಚಿತವಾಗಿದೆ.

ಪಾವಟೆಯವರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗೋಕಾಕ ತಾಲೂಕಿನ ಮಮದಾಪುರದಲ್ಲಿ. ಆಗ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ, ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಲಿಂಗರಾಜ ಕಾಲೇಜು ಆರಂಭವಾದದ್ದು 1933ರಲ್ಲಿ. ಪಾವಟೆಯವರ ಬಾಲ್ಯದಲ್ಲಿ ಈ ಎರಡೂ ಇರಲಿಲ್ಲ. ಪದವಿಯ ಪರೀಕ್ಷೆಗಳೆಲ್ಲ ದೂರದ ಮುಂಬಯಿ ವಿಶ್ವವಿದ್ಯಾಲಯದ ಅಧೀನದಲ್ಲಿದ್ದವು. ಹಳ್ಳಿಯ ಬಡ ವಿದ್ಯಾರ್ಥಿಗೆ ಉನ್ನತ ಶಿಕ್ಷಣವೆಂದರೆ ಊರು ಬಿಡುವುದೇ ಆಗಿತ್ತು. ಈ ದೂರವನ್ನು ಸ್ವತಃ ಕ್ರಮಿಸಿದವರೇ ಮುಂದೆ ಅದನ್ನು ಕಡಿಮೆ ಮಾಡುವ ಹೊಣೆಯನ್ನು ಹೊತ್ತರೆಂಬುದು ಗಮನಾರ್ಹ.

ಅವರು ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ ಗಣಿತವನ್ನು ಅಭ್ಯಾಸ ಮಾಡಿ ರ್‍ಯಾಂಗ್ಲರ್ ಎನಿಸಿಕೊಂಡರು. ಅಲ್ಲಿಯ ಗಣಿತ ಪರೀಕ್ಷೆಯಲ್ಲಿ ಪ್ರಥಮ ವರ್ಗ ಪಡೆದವರಿಗೆ ಸಲ್ಲುವ ಹೆಸರು ಅದು. ಪಾವಟೆಯವರು ಹುಟ್ಟಿದ 1899ರಲ್ಲಿಯೇ ರ. ಪು. ಪರಾಂಜಪೆಯವರು ಅದೇ ಪರೀಕ್ಷೆಯಲ್ಲಿ ಮೊದಲ ಸ್ಥಾನ ಗಳಿಸಿದ ಮೊದಲ ಭಾರತೀಯರಾಗಿದ್ದರು. ಸ್ವದೇಶಕ್ಕೆ ಮರಳಿದ ಪಾವಟೆಯವರು ಅಧ್ಯಾಪನದಿಂದ ಶಿಕ್ಷಣ ಇಲಾಖೆಯ ಆಡಳಿತಕ್ಕೆ ಸರಿದು, 1947ರಿಂದ 1954ರವರೆಗೆ ಮುಂಬಯಿ ಪ್ರಾಂತದ ವಿದ್ಯಾಧಿಕಾರಿಗಳಾಗಿದ್ದರು. ಪ್ರಾಥಮಿಕ ಶಾಲೆಯಿಂದ ಮೇಲಕ್ಕೆ ಇಡೀ ಶಿಕ್ಷಣ ವ್ಯವಸ್ಥೆಯನ್ನು ಹತ್ತಿರದಿಂದ ಕಂಡವರು ಕುಲಪತಿಗಳಾಗಿ ಬಂದದ್ದು ಹೊಸ ವಿಶ್ವವಿದ್ಯಾಲಯಕ್ಕೆ ಅನುಕೂಲವಾಯಿತು.

1949ರಲ್ಲಿ ಮುಂಬಯಿ ಸರ್ಕಾರವು ಪುಣೆ, ಗುಜರಾತ ವಿಶ್ವವಿದ್ಯಾಲಯಗಳಂತೆ ಕರ್ನಾಟಕ ವಿಶ್ವವಿದ್ಯಾಲಯವನ್ನೂ ಸ್ಥಾಪಿಸಿತ್ತು. ಪಾವಟೆಯವರು ಅಧಿಕಾರ ವಹಿಸಿಕೊಂಡಾಗ ಅದಕ್ಕೆ ಇನ್ನೂ ಐದು ವರ್ಷ. 1956ರ ರಾಜ್ಯ ಪುನರ್ವಿಂಗಡಣೆಯ ತರುವಾಯ ಹೈದರಾಬಾದ್ ಕರ್ನಾಟಕದ ಕಾಲೇಜುಗಳೂ ಅದರ ವ್ಯಾಪ್ತಿಗೆ ಬಂದವು. ಬೇರೆಬೇರೆ ಆಡಳಿತ ಪದ್ಧತಿಗಳಲ್ಲಿ ಬೆಳೆದ ಪ್ರದೇಶಗಳು ಒಂದೇ ವಿದ್ಯಾಕೇಂದ್ರದಡಿ ಕೂಡಿದ ಸಂದರ್ಭ ಅದು. ಧಾರವಾಡದ ಗುಡ್ಡದ ಮೇಲೆ ಕ್ಯಾಂಪಸ್ ರೂಪುಗೊಂಡಿತು. ಸ್ನಾತಕೋತ್ತರ ವಿಭಾಗಗಳು ಬೆಳೆದವು. 1939ರಲ್ಲಿ ಸರ್ಕಾರ ಸ್ಥಾಪಿಸಿದ್ದ ಕನ್ನಡ ಸಂಶೋಧನ ಸಂಸ್ಥೆಯು ಈ ಅವಧಿಯಲ್ಲಿ ವಿಶ್ವವಿದ್ಯಾಲಯದ ಅಂಗವಾದುದರಿಂದ ಶಾಸನ ಮತ್ತು ಹಸ್ತಪ್ರತಿಗಳ ಅಧ್ಯಯನಕ್ಕೆ ಭದ್ರ ನೆಲೆ ದೊರೆಯಿತು. ಹುಬ್ಬಳ್ಳಿಯಲ್ಲಿ 1957ರಲ್ಲಿಯೂ ಬೆಳಗಾವಿಯಲ್ಲಿ 1963ರಲ್ಲಿಯೂ ವೈದ್ಯಕೀಯ ಕಾಲೇಜುಗಳು ಆರಂಭವಾದವು. ಇವೆಲ್ಲ ಒಬ್ಬ ವ್ಯಕ್ತಿಯ ಸಾಧನೆಗಳಲ್ಲ. ಆದರೆ ಪರೀಕ್ಷೆ ನಡೆಸುವುದಷ್ಟೇ ವಿಶ್ವವಿದ್ಯಾಲಯದ ಕೆಲಸವಲ್ಲ, ಬೋಧನೆ ಮತ್ತು ಸಂಶೋಧನೆಗಳೂ ಅದರ ಕೆಲಸವೆಂಬ ತಿಳಿವಳಿಕೆ ಬೇರೂರಿದ್ದು ಈ ಅವಧಿಯಲ್ಲಿ ಎನ್ನಬಹುದು.

ಈ ಅವಧಿಯ ದೀರ್ಘತೆಯೇ ವಿಚಾರಣೀಯವಾದುದು. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮವು ಕುಲಪತಿಗಳ ಅವಧಿಯನ್ನು ನಾಲ್ಕು ವರ್ಷಗಳಿಗೆ ನಿಗದಿಗೊಳಿಸಿತು. ಹದಿಮೂರು ವರ್ಷಗಳಲ್ಲಿ ಯೋಜಿಸಿದವರೇ ಫಲವನ್ನೂ ಕಾಣುವ ಅವಕಾಶವಿತ್ತು. ಅಧಿಕಾರ ಒಂದೇ ಕೈಯಲ್ಲಿ ನೆಲೆಗೊಳ್ಳುವ ಅಪಾಯವೂ ಇತ್ತು. ಇನ್ನೊಂದು ಮಿತಿಯನ್ನೂ ಮರೆಯುವಂತಿಲ್ಲ. ಕನ್ನಡ ನಾಡಿನ ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಈ ಸಂಸ್ಥೆಯಲ್ಲಿ ಉನ್ನತ ಬೋಧನೆಯ ಭಾಷೆಯಾಗಿ ಇಂಗ್ಲಿಷೇ ಪ್ರಧಾನವಾಗಿ ಉಳಿಯಿತು. ಪಾವಟೆಯವರು ಶಿಕ್ಷಣಾಡಳಿತದ ತಮ್ಮ ಅನುಭವವನ್ನು 1964ರಲ್ಲಿ ಗ್ರಂಥವಾಗಿ ಪ್ರಕಟಿಸಿದ್ದೂ ಇಂಗ್ಲಿಷಿನಲ್ಲಿಯೇ. ಊರಿನಿಂದ ವಿದ್ಯಾಕೇಂದ್ರದ ದೂರ ಕಡಿಮೆಯಾಯಿತು. ಭಾಷೆಯ ದೂರ ಅಷ್ಟಾಗಿ ಕಡಿಮೆಯಾಗಲಿಲ್ಲ.

1967ರಲ್ಲಿ ಪದ್ಮಭೂಷಣ ಪ್ರಶಸ್ತಿ ಪಡೆದ ಪಾವಟೆಯವರು ಅದೇ ವರ್ಷ ಧಾರವಾಡವನ್ನು ಬಿಟ್ಟು ಪಂಜಾಬಿನ ರಾಜ್ಯಪಾಲರಾದರು. 1973ರವರೆಗಿನ ಆ ಕಾಲದಲ್ಲಿ ಅಲ್ಲಿ ಎರಡು ಬಾರಿ ರಾಷ್ಟ್ರಪತಿ ಆಳ್ವಿಕೆ ಜಾರಿಗೆ ಬಂದಿತು. 1969ರಲ್ಲಿ ಅಮೃತಸರದಲ್ಲಿ ಗುರುನಾನಕ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ರಾಜ್ಯದ ರಾಜ್ಯಪಾಲರು ಅವರೇ. ಹೀಗೆ ಇನ್ನೊಂದು ಗಡಿನಾಡಿನಲ್ಲಿಯೂ ಹೊಸ ವಿದ್ಯಾಕೇಂದ್ರದ ಹುಟ್ಟಿಗೆ ಅವರು ಸಾಕ್ಷಿಯಾದರು.

ಅವರ ನಿರ್ಗಮನದ ಅನಂತರ ವಿಶ್ವವಿದ್ಯಾಲಯ ಕುಗ್ಗಲಿಲ್ಲ, ಕವಲೊಡೆಯಿತು. 1970ರಲ್ಲಿ ಗುಲಬರ್ಗಾದಲ್ಲಿ ಆರಂಭವಾದ ಸ್ನಾತಕೋತ್ತರ ಕೇಂದ್ರ 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. 1982ರಲ್ಲಿ ಬೆಳಗಾವಿಯಲ್ಲಿ ತೆರೆದ ಕೇಂದ್ರ 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಗಿ ರೂಪುಗೊಂಡಿತು. ಪಾವಟೆಯವರು ಹುಟ್ಟಿದ ಜಿಲ್ಲೆಗೆ ಸ್ವಂತ ವಿಶ್ವವಿದ್ಯಾಲಯ ದೊರೆತಾಗ ಅವರು ತೀರಿಕೊಂಡು ಮೂವತ್ತೊಂದು ವರ್ಷಗಳಾಗಿದ್ದವು. ಧಾರವಾಡದ ಕ್ಯಾಂಪಸ್ಸಿಗೆ ಪಾವಟೆನಗರವೆಂದು ಹೆಸರಿಟ್ಟಿರುವುದು ಸಲ್ಲಬೇಕಾದ ಗೌರವವೇ. ಆದರೆ ಸ್ವಂತ ಜಿಲ್ಲೆಯಲ್ಲಿಯೇ ಇದ್ದು ಓದನ್ನು ಮುಂದುವರಿಸಬಲ್ಲ ಗೋಕಾಕ, ಖಾನಾಪುರ ತಾಲೂಕುಗಳ ವಿದ್ಯಾರ್ಥಿಗಳಲ್ಲಿ ಆ ಹದಿಮೂರು ವರ್ಷಗಳ ಅರ್ಥ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.