ಸೂರ್ಯಕಾಂತದ ಹುಡುಗ: ಒಟ್ಟೊ ರೋಸೆನ್‌ಬರ್ಗ್

ಜಿಪ್ಸಿಗಳು ನಮ್ಮ ಓದುಗರಿಗೆ ಅಪರಿಚಿತರಲ್ಲ. ವಿಕ್ಟರ್ ಹ್ಯೂಗೋವಿನ ಕಾದಂಬರಿಯನ್ನು ಓದಿದವರು ಜಿಪ್ಸಿಗಳ ನಡುವೆ ಬೆಳೆದ ಎಸ್ಮೆರಾಲ್ಡೆಯನ್ನು ಮರೆಯರು. ಮೆರಿಮೆ ಬರೆದ ಕಾರ್ಮೆನ್ನಳ ಕಥೆ ಸಂಗೀತನಾಟಕವಾಗಿ ಲೋಕವನ್ನೆಲ್ಲ ಸುತ್ತಿಬಂದಿದೆ. ಬಣ್ಣದ ಬಂಡಿ, ಪಿಟೀಲು, ಬೆಂಕಿಯ ಸುತ್ತ ಕುಣಿತ, ಕೈರೇಖೆ ನೋಡಿ ಭವಿಷ್ಯ ನುಡಿಯುವ ಮುದುಕಿ. ಇಷ್ಟಕ್ಕೆ ನಮ್ಮ ತಿಳಿವು ಮುಗಿಯುತ್ತದೆ. ಈ ಚಿತ್ರಗಳನ್ನೆಲ್ಲ ಬರೆದವರು ಹೊರಗಿನವರು. ಆ ಜನ ತಮ್ಮ ಸಂಕಟವನ್ನು ತಾವೇ ಹೇಳಿಕೊಂಡ ಪುಸ್ತಕಗಳು ಜರ್ಮನ್ ಭಾಷೆಯಲ್ಲಿ ಕಾಣಿಸಿಕೊಂಡದ್ದು ತೀರ ಈಚೆಗೆ. 1985ರಲ್ಲಿ ಫಿಲೊಮೇನಾ ಫ್ರಾನ್ಸ್, 1988ರಲ್ಲಿ ಆಸ್ಟ್ರಿಯಾದ ಚೇಯಾ ಸ್ಟೊಯ್ಕಾ, ಅವರಾದ ಹತ್ತು ವರ್ಷಕ್ಕೆ ಬರ್ಲಿನ್ನಿನ ಒಟ್ಟೊ ರೋಸೆನ್‌ಬರ್ಗ್. ಯುದ್ಧ ಮುಗಿದದ್ದು 1945ರಲ್ಲಿ. ನಡುವಣ ನಾಲ್ಕೈದು ದಶಕ ಇವರೇಕೆ ಬಾಯಿ ಬಿಡಲಿಲ್ಲವೆಂದು ಕೇಳುವವರು, ಬಾಯಿ ಬಿಟ್ಟಿದ್ದರೆ ಕೇಳುವವರು ಯಾರಿದ್ದರೆಂಬುದನ್ನೂ ಕೇಳಿಕೊಳ್ಳಬೇಕು. ಒಟ್ಟೊನ ಬಾಳು ಈ ಎರಡು ಪ್ರಶ್ನೆಗಳ ನಡುವೆ ನಡೆದ ಬಾಳು.

ಒಟ್ಟೊ ಸಿಂತಿ ಪಂಗಡದವನು. ಜರ್ಮನ್ ಮಾತಿನ ನಾಡುಗಳಲ್ಲಿ ಆರು ಶತಮಾನಗಳಿಂದ ನೆಲೆಸಿರುವ ರೋಮಾನಿ ಜನಕ್ಕೆ ಸಿಂತಿ ಎಂದು ಹೆಸರು. ಹಿಲ್ಡೆಸ್‌ಹೈಮ್ ಎಂಬ ಊರಿನ 1407ರ ದಾಖಲೆಯಲ್ಲಿಯೇ ಈ ಜನದ ಪ್ರಸ್ತಾಪ ಬರುತ್ತದೆ. ಇವರ ಪೂರ್ವಿಕರು ಸುಮಾರು ಸಾವಿರ ವರ್ಷಗಳ ಹಿಂದೆ ಭರತಖಂಡದಿಂದ ಹೊರಟವರೆಂದು ಭಾಷಾಶಾಸ್ತ್ರಜ್ಞರು ನಿಷ್ಕರ್ಷಿಸಿದ್ದಾರೆ. ಅವರ ನುಡಿ ನಮ್ಮ ಕನ್ನಡದ ಬಂಧುವಲ್ಲ, ಉತ್ತರದ ಆರ್ಯಭಾಷೆಗಳ ಬಂಧು. ಆದರೂ ನೀರಿಗೆ ಪಾನಿ, ಮೂಗಿಗೆ ನಾಕ್, ಮನುಷ್ಯನಿಗೆ ಮನುಷ್ ಎನ್ನುವ ಜನವನ್ನು ಪರಕೀಯರೆಂದು ತಳ್ಳಿಬಿಡುವುದು ಸಂಸ್ಕೃತದ ಗಂಧವಿರುವ ಯಾವ ಕನ್ನಡಿಗನಿಗೂ ಸುಲಭವಲ್ಲ. ಮನುಷ್ಯನೆಂಬ ಆ ಪದವನ್ನು ಸಾವಿರ ವರ್ಷ ನಾಲಿಗೆಯ ಮೇಲೆ ಉಳಿಸಿಕೊಂಡು ಬಂದವರನ್ನು ಮನುಷ್ಯರ ಲೆಕ್ಕದಿಂದಲೇ ತೆಗೆದುಹಾಕುವ ಪ್ರಯತ್ನ ಇಪ್ಪತ್ತನೆಯ ಶತಮಾನದಲ್ಲಿ ನಡೆಯಿತು.

1927ರ ಏಪ್ರಿಲ್ 28ರಂದು ಪೂರ್ವ ಪ್ರಷ್ಯದ ಹಳ್ಳಿಯೊಂದರಲ್ಲಿ ಒಟ್ಟೊ ಹುಟ್ಟಿದ. ತಂದೆತಾಯಿಗಳು ಬೇರೆಯಾದುದರಿಂದ ಎಳೆಯ ಮಗುವಾಗಿದ್ದಾಗಲೇ ಅವನು ಬರ್ಲಿನ್ನಿನಲ್ಲಿದ್ದ ಅಜ್ಜಿಯ ಮಡಿಲು ಸೇರಿದ. ನಗರದ ಅಂಚಿನಲ್ಲಿ ಬಾಡಿಗೆಗೆ ಹಿಡಿದ ನಿವೇಶನಗಳಲ್ಲಿ ಬಂಡಿಮನೆಗಳನ್ನು ನಿಲ್ಲಿಸಿಕೊಂಡು ಆ ಬಂಧುಬಳಗ ವಾಸಿಸುತ್ತಿತ್ತು. ಬಡತನವಿತ್ತು, ಆದರೆ ಹುಡುಗ ಎಲ್ಲರಂತೆ ಬರ್ಲಿನ್ನಿನ ಹುಡುಗ, ನಗರದ ಬೀದಿಗಳಲ್ಲಿ ಬೆಳೆದವನು.

1936ರ ಆಗಸ್ಟ್ 1ರಂದು ಬರ್ಲಿನ್ನಿನಲ್ಲಿ ಒಲಿಂಪಿಕ್ ಕ್ರೀಡೆಗಳು ಆರಂಭವಾಗಬೇಕಿತ್ತು. ಹೊರದೇಶದ ಅತಿಥಿಗಳ ಕಣ್ಣಿಗೆ ಜಿಪ್ಸಿಗಳು ಬೀಳಬಾರದೆಂದು ಜುಲೈ 16ರ ಬೆಳಗಿನ ಜಾವದಲ್ಲಿ ಪೊಲೀಸರು ಬಂದು ಸುಮಾರು ಆರುನೂರು ಮಂದಿಯನ್ನು ಬಂಡಿಗಳ ಸಮೇತ ನಗರದ ಪೂರ್ವದಂಚಿನ ಮಾರ್ಟ್ಸಾನ್ ಎಂಬಲ್ಲಿಗೆ ಸಾಗಿಸಿದರು. ಒಂಬತ್ತು ವರ್ಷದ ಒಟ್ಟೊ ಅವರಲ್ಲೊಬ್ಬ. ಆರಿಸಿದ ಸ್ಥಳವನ್ನು ನೋಡಿ: ಒಂದು ಕಡೆ ನಗರದ ಹೊಲಸು ನೀರನ್ನು ಹರಿಯಬಿಡುವ ಗದ್ದೆಗಳು, ಇನ್ನೊಂದು ಕಡೆ ಸ್ಮಶಾನ. ಸಿಂತಿಗಳದು ಮಡಿಮೈಲಿಗೆಯನ್ನು ಕಟ್ಟುನಿಟ್ಟಾಗಿ ಪಾಲಿಸುವ ಬಾಳು. ಕೊಳಚೆಯ ಪಕ್ಕದಲ್ಲಿ, ಹೆಣ ಹೂಳುವ ನೆಲಕ್ಕೆ ಒತ್ತಿಕೊಂಡು ಒಲೆ ಹೂಡಬೇಕಾಗಿ ಬಂದ ಅಜ್ಜಿಯಂಥವರ ಮನಸ್ಸಿಗೆ ಏನಾಗಿರಬೇಕೆಂಬುದನ್ನು ಬೇರೆ ಯಾವ ದೇಶದ ಓದುಗರಿಗೆ ವಿವರಿಸಬೇಕಾದರೂ ನಮ್ಮವರಿಗೆ ವಿವರಿಸಬೇಕಾಗಿಲ್ಲ. ಕ್ರೀಡೆಗಳು ಮುಗಿದವು, ಅತಿಥಿಗಳು ಹೊರಟುಹೋದರು. ಮಾರ್ಟ್ಸಾನಿನ ಜನವನ್ನು ಮಾತ್ರ ಯಾರೂ ಬಿಡಲಿಲ್ಲ. ಕಾವಲಿದ್ದ ಆ ಬಯಲಿನಲ್ಲಿಯೇ ವರ್ಷಗಳು ಉರುಳಿದವು.

ಅಲ್ಲಿಗೆ ವಿದ್ವಾಂಸರೂ ಬರುತ್ತಿದ್ದರು. ರಾಬರ್ಟ್ ರಿಟ್ಟರ್ ಎಂಬ ವೈದ್ಯ ರಾಷ್ಟ್ರದ ಆರೋಗ್ಯ ಇಲಾಖೆಯ ಆಶ್ರಯದಲ್ಲಿ ಜನಾಂಗಶುದ್ಧಿಯ ಸಂಶೋಧನಾಲಯವೊಂದನ್ನು ನಡೆಸುತ್ತಿದ್ದ. ಅವನ ಮುಖ್ಯ ಸಹಾಯಕಿ ಎವಾ ಯುಸ್ಟಿನ್. ತಲೆಯ ಸುತ್ತಳತೆ, ಕಣ್ಣಿನ ಬಣ್ಣ, ರಕ್ತದ ಮಾದರಿ, ಮುಖದ ಅಚ್ಚು, ಇವುಗಳ ಜೊತೆಗೆ ಅಜ್ಜ ಮುತ್ತಜ್ಜಂದಿರ ಹೆಸರುಗಳು: ಎಲ್ಲವೂ ಕಡತಕ್ಕೆ ಸೇರುತ್ತಿದ್ದವು. ವಂಶಾವಳಿಯ ಉದ್ದನೆಯ ಪಟ್ಟಿಗಳನ್ನು ಹರಡಿ, ಯಾರು ಅಚ್ಚ ಜಿಪ್ಸಿ, ಯಾರು ಮುಕ್ಕಾಲು, ಯಾರು ಅರೆ ಎಂದು ತೀರ್ಪು ಬರೆಯುವುದು ಅವರ ಕೆಲಸ. ಯುದ್ಧ ಮುಗಿಯುವ ಹೊತ್ತಿಗೆ ಇಂಥ ತೀರ್ಪುಗಳು ಇಪ್ಪತ್ತು ಸಾವಿರವನ್ನು ಮೀರಿದ್ದವು. ಅವುಗಳ ಮೇಲೆಯೇ ಮುಂದೆ ಪೊಲೀಸರು ಯಾರನ್ನು ರೈಲಿಗೆ ಹತ್ತಿಸಬೇಕೆಂದು ನಿರ್ಧರಿಸಿದರು.

ಯುಸ್ಟಿನ್ ಸಿಂತಿಗಳ ನುಡಿಯನ್ನು ಕಲಿತಿದ್ದಳು. ಅವಳ ಕೆಂಗೂದಲನ್ನು ಕಂಡು ಆ ಜನ ಅವಳಿಗೆ ತಮ್ಮ ಭಾಷೆಯಲ್ಲಿ ಕೆಂಪು ಹುಡುಗಿ ಎಂಬರ್ಥದ ಹೆಸರಿಟ್ಟಿದ್ದರು. ಚುರುಕಾಗಿದ್ದ ಒಟ್ಟೊನನ್ನು ಅವಳು ಮೆಚ್ಚಿದಳು, ಅವನಿಂದ ಪರೀಕ್ಷೆಗಳನ್ನು ಮಾಡಿಸಿದಳು. ಡಾಲೆಮಿನಲ್ಲಿದ್ದ ಸಂಶೋಧನಾಲಯಕ್ಕೆ ಹೋಗಿ ಅವನು ಸಣ್ಣಪುಟ್ಟ ಕೆಲಸಗಳನ್ನೂ ಮಾಡಿಕೊಡುತ್ತಿದ್ದ. ಹುಡುಗನಿಗೆ ಅವಳ ಮೇಲೆ ಪ್ರೀತಿಯಿತ್ತು. ಅವಳು ಯಾರು, ಆ ಪಟ್ಟಿಗಳು ಯಾವುದಕ್ಕೆ ಎಂಬುದು ತಿಳಿದು ಐವತ್ತು ವರ್ಷಗಳಾದ ಮೇಲೆ ಪುಸ್ತಕ ಹೇಳುವಾಗಲೂ ಒಟ್ಟೊ ಆ ಪ್ರೀತಿಯನ್ನು ಒರಸಿಹಾಕಲಿಲ್ಲ. ಇನ್ನೊಬ್ಬ ಲೇಖಕನಾಗಿದ್ದರೆ ಅವಳನ್ನು ಮೊದಲ ನೋಟದಲ್ಲೇ ರಾಕ್ಷಸಿಯೆಂದು ಗುರುತಿಸಿದ ಹುಡುಗನನ್ನು ಸೃಷ್ಟಿಸುತ್ತಿದ್ದ, ಓದುಗರೂ ಒಪ್ಪುತ್ತಿದ್ದರು. ನನಗೆ ಈ ಪುಸ್ತಕದ ಎಲ್ಲಕ್ಕಿಂತ ಬೆಲೆಯುಳ್ಳ ಭಾಗ ಇದೇ ಎನಿಸುತ್ತದೆ. ಮಗುವಿನ ನಂಬಿಕೆಯನ್ನು ಮಗುವಿನದಾಗಿಯೇ ಉಳಿಸಿ, ಅದರ ಪಕ್ಕದಲ್ಲಿ ನಡೆದ ಸಂಗತಿಯನ್ನು ಇಟ್ಟುಬಿಟ್ಟಾಗ ಓದುವವರ ಮೈ ತಾನಾಗಿಯೇ ನಡುಗುತ್ತದೆ. ಯುಸ್ಟಿನ್ ತನ್ನ ಡಾಕ್ಟರೇಟ್ ಪ್ರಬಂಧಕ್ಕಾಗಿ ಪರೀಕ್ಷಿಸಿದ್ದು ಮುಲ್ಫಿಂಗೆನ್ ಎಂಬ ಊರಿನ ಅನಾಥಾಲಯದ ಸಿಂತಿ ಮಕ್ಕಳನ್ನು. ಪ್ರಬಂಧ ಮುಗಿಯುವವರೆಗೆ ಆ ಮಕ್ಕಳನ್ನು ಉಳಿಸಿಕೊಂಡು, 1944ರ ಮೇ ತಿಂಗಳಲ್ಲಿ ಅವರನ್ನು ಆಶ್ವಿಟ್ಸಿಗೆ ಕಳುಹಿಸಲಾಯಿತು. ಬದುಕಿ ಬಂದವರು ಬೆರಳೆಣಿಕೆಯಷ್ಟು.

ಶಾಲೆಯ ಬಾಗಿಲು ಮುಚ್ಚಿದ ಮೇಲೆ ಹದಿಮೂರರ ಎಳವೆಯಲ್ಲೇ ಒಟ್ಟೊ ಶಸ್ತ್ರಾಸ್ತ್ರಗಳ ಕಾರ್ಖಾನೆಯೊಂದರಲ್ಲಿ ದುಡಿಯತೊಡಗಿದ. ಅಲ್ಲಿ ಅವನ ಕೈಗೆ ಒಂದು ಗಾಜಿನ ಮಸೂರ ಸಿಕ್ಕಿತು. ನಮ್ಮ ಹಳ್ಳಿಯ ಮಕ್ಕಳು ಭೂತಗನ್ನಡಿ ಎನ್ನುವ, ನಮ್ಮ ಕವಿಗಳು ಸೂರ್ಯಕಾಂತವೆಂದು ವರ್ಣಿಸಿದ ವಸ್ತುವಿನ ಜಾತಿಯದು. ಬಿಸಿಲನ್ನು ಒಂದು ಚುಕ್ಕೆಗೆ ಕೂಡಿಸಿ ಕಾಗದವನ್ನು ಹೊತ್ತಿಸುವುದಕ್ಕೆ ಬರುವಂಥದು. ಯಾವ ದೇಶದ ಹುಡುಗನಾದರೂ ಅದನ್ನು ಜೇಬಿಗೆ ಹಾಕಿಕೊಳ್ಳದೆ ಬಿಡುತ್ತಿರಲಿಲ್ಲ. ಸೇನೆಯ ಸ್ವತ್ತನ್ನು ಕದ್ದ, ಯುದ್ಧದ ಕೆಲಸಕ್ಕೆ ಹಾನಿ ಮಾಡಿದ ಎಂಬ ಆರೋಪದ ಮೇಲೆ ಅವನನ್ನು ಮೊವಾಬಿಟ್ ಸೆರೆಮನೆಗೆ ಹಾಕಿದರು. ಅಲ್ಲಿ ಸುಮಾರು ನಾಲ್ಕು ತಿಂಗಳು ಕಳೆದವು. ಶಿಕ್ಷೆ ಮುಗಿದು ಬಿಡುಗಡೆಯಾದಾಗ ಪೊಲೀಸರು ಅವನನ್ನು ಮತ್ತೆ ಹಿಡಿದರು. ಈ ಸಲ ಯಾವ ಆರೋಪವೂ ಬೇಕಾಗಿರಲಿಲ್ಲ. 1942ರ ಡಿಸೆಂಬರ್ 16ರಂದು ಹಿಮ್ಲರ್ ಹೊರಡಿಸಿದ ಆಜ್ಞೆಯೊಂದೇ ಸಾಕಾಗಿತ್ತು. ಅದರಂತೆ ಜರ್ಮನಿಯ ಸಿಂತಿಗಳನ್ನೂ ರೋಮಾಗಳನ್ನೂ ಆಶ್ವಿಟ್ಸಿಗೆ ಸಾಗಿಸುವ ಕಾರ್ಯ 1943ರ ಆರಂಭದಲ್ಲಿ ಮೊದಲಾಗಿತ್ತು. ಮಾರ್ಟ್ಸಾನಿನ ಬಹುಪಾಲು ಜನ ಆಗಲೇ ಅಲ್ಲಿಗೆ ಹೋಗಿಯಾಗಿತ್ತು. ಹದಿನಾರು ತುಂಬುವ ಹೊಸ್ತಿಲಲ್ಲಿದ್ದ ಒಟ್ಟೊ ಅವರನ್ನು ಅಲ್ಲಿ ಕೂಡಿಕೊಂಡ.

ಬಿರ್ಕೆನೌ ಶಿಬಿರದಲ್ಲಿ ಜಿಪ್ಸಿಗಳಿಗೆಂದೇ ತಂತಿಬೇಲಿ ಹಾಕಿದ ಒಂದು ವಿಭಾಗವಿತ್ತು. ಕುಟುಂಬಗಳನ್ನು ಅಲ್ಲಿ ಒಡೆಯದೆ ಒಟ್ಟಾಗಿಟ್ಟಿದ್ದರು. ಒಟ್ಟಾಗಿ ಹಸಿದು, ಒಟ್ಟಾಗಿ ಜ್ವರಬಂದು ಸಾಯುವುದಕ್ಕೆ. ಒಟ್ಟೊನ ತೋಳಿನ ಮೇಲೆ ಹಚ್ಚೆ ಚುಚ್ಚಿ ಬರೆದ ಗುರುತು ಝಡ್ 6084. ಆ ಅಕ್ಷರ ಜಿಪ್ಸಿ ಎಂಬುದಕ್ಕೆ ಜರ್ಮನರು ಬಳಸುವ ತ್ಸಿಗಾಯ್ನರ್ ಎಂಬ ಪದದ ಮೊದಲಕ್ಷರ. ಆ ಜನ ತಮ್ಮನ್ನು ಎಂದೂ ಹಾಗೆ ಕರೆದುಕೊಂಡವರಲ್ಲ. ಸಾಕಿ ಬೆಳೆಸಿದ ಅಜ್ಜಿ ಅಲ್ಲಿಯೇ ತೀರಿಕೊಂಡಳು. ಆ ವಿಭಾಗಕ್ಕೆ ತಂದ ಸುಮಾರು 23,000 ಮಂದಿಯಲ್ಲಿ 20,000 ಮಂದಿಗೂ ಹೆಚ್ಚು ಜನ ಸತ್ತರು. 1944ರಲ್ಲಿ ದುಡಿಯುವ ಶಕ್ತಿಯುಳ್ಳವರನ್ನು ಬೇರೆ ಶಿಬಿರಗಳಿಗೆ ಸಾಗಿಸಿ, ಉಳಿದ ಮುದುಕರು, ತಾಯಂದಿರು, ಮಕ್ಕಳು, ಹೀಗೆ ನಾಲ್ಕು ಸಾವಿರಕ್ಕೂ ಮಿಕ್ಕಿದವರನ್ನು ಆಗಸ್ಟ್ 2ರ ಒಂದೇ ರಾತ್ರಿಯಲ್ಲಿ ವಿಷವಾಯುವಿನಿಂದ ಕೊಂದರು. ಒಟ್ಟೊ ದುಡಿಯಬಲ್ಲವರ ಸಾಲಿಗೆ ಸೇರಿದವನಾದುದರಿಂದ ಉಳಿದ. ಬುಕೆನ್‌ವಾಲ್ಡ್, ಡೋರಾ, ಕೊನೆಗೆ ಬೆರ್ಗೆನ್-ಬೆಲ್ಸೆನ್. 1945ರ ಏಪ್ರಿಲ್ 15ರಂದು ಬ್ರಿಟಿಷ್ ಸೇನೆ ಆ ಶಿಬಿರವನ್ನು ಪ್ರವೇಶಿಸಿದಾಗ ಹದಿನೆಂಟು ತುಂಬಲು ಅವನಿಗೆ ಎರಡು ವಾರಗಳಿದ್ದವು. ಒಡಹುಟ್ಟಿದ ಹತ್ತು ಮಂದಿಯಲ್ಲಿ ಒಬ್ಬರೂ ಉಳಿದಿರಲಿಲ್ಲ. ತಾಯಿಯೊಬ್ಬಳು ಬದುಕಿದ್ದಳು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ನಿಜವಾಗಿ ನೋಡಿದರೆ ಇದರ ಅತಿ ವಿಚಿತ್ರವಾದ ಅಧ್ಯಾಯ ಇಲ್ಲಿಂದಲೇ ಮೊದಲು. ಒಟ್ಟೊ ಬರ್ಲಿನ್ನಿಗೆ ಮರಳಿದ, ಮದುವೆಯಾದ, ಏಳು ಮಕ್ಕಳ ತಂದೆಯಾದ. ಹೊಸ ಜರ್ಮನಿ ನಾತ್ಸಿಗಳಿಂದ ನೊಂದವರಿಗೆ ಪರಿಹಾರ ಕೊಡುವ ಕಾನೂನು ಮಾಡಿತು. ಆದರೆ 1956ರ ಜನವರಿಯಲ್ಲಿ ಅದರ ಸರ್ವೋಚ್ಚ ಸಿವಿಲ್ ನ್ಯಾಯಪೀಠ ಜಿಪ್ಸಿಗಳ ವಿಷಯದಲ್ಲಿ ಕೊಟ್ಟ ತೀರ್ಪು ಹೀಗಿತ್ತು: 1943ರ ಮಾರ್ಚಿಗೆ ಮುಂಚೆ ಅವರ ಮೇಲೆ ಕೈಗೊಂಡ ಕ್ರಮಗಳು ಜನಾಂಗದ್ವೇಷದಿಂದ ಹುಟ್ಟಿದವಲ್ಲ, ಅವರ ನಡತೆಯ ದೋಷಕ್ಕಾಗಿ ಪೊಲೀಸರು ವಹಿಸಿದ ಮುನ್ನೆಚ್ಚರಿಕೆ ಮಾತ್ರ. ಈ ತರ್ಕದಂತೆ ಮಾರ್ಟ್ಸಾನಿನ ಏಳು ವರ್ಷಗಳು ಲೆಕ್ಕಕ್ಕೆ ಬಾರವು. ಕೊಳಚೆಯ ಗದ್ದೆಯ ಪಕ್ಕದಲ್ಲಿ ಕೂಡಿಹಾಕಿದ್ದು ಆ ಒಂಬತ್ತರ ಹುಡುಗನ ನಡತೆಗಾಗಿ! 1963ರಲ್ಲಿ ಅದೇ ಪೀಠ ತನ್ನ ಮಾತನ್ನು ಭಾಗಶಃ ತಿದ್ದಿಕೊಂಡಿತು. ಆ ವೇಳೆಗೆ ಎಷ್ಟೋ ಅರ್ಜಿಗಳು ತಳ್ಳಿಹೋಗಿದ್ದವು, ಅರ್ಜಿದಾರರೂ ಅಳಿದಿದ್ದರು. ನಾತ್ಸಿ ಕಾಲದಲ್ಲಿ ಜಿಪ್ಸಿಗಳ ಮೇಲ್ವಿಚಾರಣೆ ನೋಡಿಕೊಂಡಿದ್ದ ಪೊಲೀಸ್ ಅಧಿಕಾರಿಗಳಲ್ಲಿ ಕೆಲವರು ಈಗ ಅದೇ ವಿಷಯದ ತಜ್ಞರಾಗಿ ಅಭಿಪ್ರಾಯ ಕೊಡುತ್ತಿದ್ದರು. ರಿಟ್ಟರ್ ಫ್ರಾಂಕ್‌ಫರ್ಟಿನ ಆರೋಗ್ಯ ಇಲಾಖೆಯಲ್ಲಿ ಹುದ್ದೆ ಪಡೆದು, 1951ರಲ್ಲಿ ಶಿಕ್ಷೆ ಕಾಣದೆ ತೀರಿಕೊಂಡ. ಯುಸ್ಟಿನ್ ಅದೇ ಊರಿನಲ್ಲಿ ಮಕ್ಕಳ ಮನಶ್ಶಾಸ್ತ್ರಜ್ಞೆಯಾದಳು. ಅವಳ ಮೇಲಿನ ವಿಚಾರಣೆಯನ್ನು 1960ರಲ್ಲಿ ಕೈಬಿಟ್ಟರು. ಅವಳು ಕಣ್ಮುಚ್ಚಿದ್ದು 1966ರಲ್ಲಿ. ಅಳೆದವರ ಮಾತು ಪ್ರಮಾಣವಾಯಿತು, ಅಳತೆಗೆ ನಿಂತವರ ಮಾತು ಬರಿಯ ದೂರಾಯಿತು.

ಒಟ್ಟೊ ಸಾರ್ವಜನಿಕ ಕೆಲಸಕ್ಕೆ ಇಳಿದದ್ದು ಈ ಹಿನ್ನೆಲೆಯಲ್ಲಿ. 1970ರಲ್ಲಿ ಬರ್ಲಿನ್ನಿನ ಸಿಂತಿಗಳ ಸಂಘವೊಂದನ್ನು ಕಟ್ಟುವುದರಲ್ಲಿ ಅವನು ಮುಂದಾದ. ಅದೇ ಮುಂದೆ ಬರ್ಲಿನ್ ಮತ್ತು ಬ್ರಾಂಡೆನ್‌ಬುರ್ಗ್ ಪ್ರಾಂತಗಳ ಸಿಂತಿ-ರೋಮಾ ಸಂಘವಾಯಿತು. ಅವನು ಬಹುಕಾಲ ಅದರ ಅಧ್ಯಕ್ಷನಾಗಿದ್ದ. ಅರ್ಜಿ ಬರೆಯಲಾರದವರ ಪರವಾಗಿ ಕಚೇರಿಗಳ ಮೆಟ್ಟಿಲು ಹತ್ತುವುದು, ಶಿಬಿರದ ವರ್ಷಗಳಿಗೆ ಪುರಾವೆ ಹುಡುಕುವುದು. ಭಾಷಣಕ್ಕಿಂತ ಇಂಥ ಕೆಲಸವೇ ಹೆಚ್ಚು. ಅಷ್ಟರಲ್ಲಿ ದೇಶದಲ್ಲಿ ಹೊಸ ತಲೆಮಾರಿನವರೂ ಎದ್ದಿದ್ದರು. 1980ರಲ್ಲಿ ರೊಮಾನಿ ರೋಸೆ ಮೊದಲಾದವರು ಡಾಖೌ ಶಿಬಿರದ ನೆಲದಲ್ಲಿ ಉಪವಾಸ ಕೂತರು. 1981ರ ಸೆಪ್ಟೆಂಬರಿನಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದ ದಫ್ತರಖಾನೆಯನ್ನು ಹೊಕ್ಕು, ಅಲ್ಲಿ ಸಂಶೋಧಕರ ಉಪಯೋಗಕ್ಕಿದ್ದ ರಿಟ್ಟರನ ಕಡತಗಳನ್ನು ರಾಷ್ಟ್ರೀಯ ದಾಖಲಾಲಯಕ್ಕೆ ಸೇರುವಂತೆ ಮಾಡಿದರು. ತಮ್ಮ ಅಜ್ಜಅಜ್ಜಿಯರ ತಲೆಯಳತೆಯ ಕಾಗದಗಳಿಗಾಗಿ ಮೊಮ್ಮಕ್ಕಳು ಹೋರಾಡಬೇಕಾಯಿತು. 1982ರ ಮಾರ್ಚ್ 17ರಂದು ಚಾನ್ಸಲರ್ ಹೆಲ್ಮುಟ್ ಷ್ಮಿಟ್ ಸಿಂತಿ-ರೋಮಾಗಳ ಕೊಲೆ ಜನಾಂಗದ ಕಾರಣಕ್ಕೇ ನಡೆದ ಜನಹತ್ಯೆಯೆಂದು ಸರಕಾರದ ಪರವಾಗಿ ಒಪ್ಪಿಕೊಂಡ. ಯೂರೋಪಿನಲ್ಲಿ ಹಾಗೆ ಸತ್ತವರ ಸಂಖ್ಯೆಯನ್ನು ಎರಡು ಲಕ್ಷದಿಂದ ಐದು ಲಕ್ಷದವರೆಗೆ ಅಂದಾಜು ಮಾಡುತ್ತಾರೆ. ಅಂದಾಜಿನಲ್ಲೇ ಇಷ್ಟು ಅಂತರವಿರುವುದು ಎಣಿಸುವುದಕ್ಕೆ ಎಷ್ಟು ತಡವಾಗಿ ಕೂತರೆಂಬುದನ್ನು ತಿಳಿಸುತ್ತದೆ.

ಒಟ್ಟೊನ ಪುಸ್ತಕ ಹೊರಬಂದದ್ದು 1998ರಲ್ಲಿ, ಅವನ ಎಪ್ಪತ್ತೊಂದನೆಯ ವಯಸ್ಸಿನಲ್ಲಿ. ಅವನು ಹೇಳಿದ್ದನ್ನು ಉಲ್ರಿಖ್ ಎನ್ಸೆನ್ಸ್‌ಬರ್ಗರ್ ಎಂಬ ಲೇಖಕ ಬರಹಕ್ಕಿಳಿಸಿದ. ಬಾಯಿಂದ ಬಾಯಿಗೆ ಕಥೆ ದಾಟಿಸುತ್ತ ಬಂದ ಜನದ ಒಬ್ಬ ಹಿರಿಯ ಹೇಳುವ ರೀತಿ ಅದರಲ್ಲಿ ಉಳಿದಿದೆ. ಅಲಂಕಾರವಿಲ್ಲ, ಆಕ್ರೋಶವಿಲ್ಲ. ಹೆಸರಿಡುವಾಗ ಆಶ್ವಿಟ್ಸಿನ ಹೆಸರನ್ನು ಮುಖಪುಟಕ್ಕೆ ತರಲಿಲ್ಲ. ಕಾರ್ಖಾನೆಯ ಆ ಗಾಜಿನ ತುಂಡನ್ನು ನೆನೆದು ಬ್ರೆನ್‌ಗ್ಲಾಸ್, ಎಂದರೆ ಸುಡುಗಾಜು, ಎಂದೇ ಕರೆಯಿತು ಆ ಪುಸ್ತಕ. ಮರುವರ್ಷ ಬಂದ ಇಂಗ್ಲಿಷ್ ಅನುವಾದಕ್ಕೆ ಮಾತ್ರ ಆಶ್ವಿಟ್ಸಿನ ಜಿಪ್ಸಿ ಎಂಬರ್ಥದ ಶೀರ್ಷಿಕೆ ಕೊಟ್ಟರು. ಮಾರಾಟಕ್ಕೆ ಅದು ಅನುಕೂಲವಾಗಿರಬಹುದು. ಆದರೆ ತೋಳಿನ ಮೇಲೆ ಚುಚ್ಚಿದ ಪದವನ್ನೇ ಮತ್ತೆ ರಕ್ಷಾಪುಟದ ಮೇಲೆ ಹಾಕಿದಂತಾಯಿತು. ಮೂಲದ ಹೆಸರಿನಲ್ಲಿದ್ದ ಹುಡುಗ ಮರೆಯಾದ.

ಪುಸ್ತಕ ಬಂದ ವರ್ಷವೇ ಜರ್ಮನ್ ಗಣರಾಜ್ಯ ಒಟ್ಟೊನಿಗೆ ತನ್ನ ಗೌರವಪದಕವನ್ನು ನೀಡಿತು. 2001ರ ಜುಲೈ 4ರಂದು ಅವನು ಬರ್ಲಿನ್ನಿನಲ್ಲಿ ತೀರಿಕೊಂಡ. ಮಕ್ಕಳಲ್ಲಿ ಮರಿಯಾನೆ ಹಾಡುಗಾರ್ತಿಯಾಗಿ ದೇಶವೆಲ್ಲ ಬಲ್ಲ ಹೆಸರು ಗಳಿಸಿದ್ದಳು. ಇನ್ನೊಬ್ಬ ಮಗಳು ಪೆಟ್ರಾ ತಂದೆಯ ನಂತರ ಸಂಘದ ಹೊಣೆ ಹೊತ್ತಳು. ಮಾರ್ಟ್ಸಾನಿನ ಸ್ಮಶಾನದಲ್ಲಿ, ಬರ್ಲಿನ್ ಇನ್ನೂ ಎರಡಾಗಿದ್ದ 1986ರಲ್ಲಿಯೇ, ಪೂರ್ವ ಜರ್ಮನಿಯ ಲೇಖಕ ರೈಮಾರ್ ಗಿಲ್ಸೆನ್‌ಬಾಖನ ಪ್ರಯತ್ನದಿಂದ ಒಂದು ಸ್ಮಾರಕಶಿಲೆ ನಿಂತಿತ್ತು. ಒಟ್ಟೊನ ಕಾಲಾನಂತರ, 2007ರಲ್ಲಿ, ಹಳೆಯ ಶಿಬಿರದ ಬಯಲಿನ ಬಳಿಯ ಒಂದು ಚೌಕಕ್ಕೆ ಅವನ ಹೆಸರಿಟ್ಟರು.