ಕಪ್ಪು ಹೊಗೆಯೂ ರುಡಾಲ್ಫ್ ಡೀಸೆಲ್‌ರ ಎಂಜಿನ್ನೂ

ಮಕ್ಕಳೇ, ಕಬ್ಬಿನ ಹಂಗಾಮಿನಲ್ಲಿ ಅಫಜಲಪುರ, ಆಳಂದ, ಜೇವರ್ಗಿಯ ರಸ್ತೆಗಳಲ್ಲಿ ಹೇರು ತುಂಬಿದ ಟ್ರ್ಯಾಕ್ಟರ್‌ಗಳನ್ನು ನೋಡಿದ್ದೀರಲ್ಲವೇ? ಏರು ಬಂದಾಗ ಕೆಲವು ಕಪ್ಪು ಹೊಗೆ ಉಗುಳುತ್ತವೆ. ಅದು ಪೂರ್ತಿ ಉರಿಯದ ಇಂಧನದ ಮಸಿ. ಕಂದೀಲಿನ ಬತ್ತಿ ಹೆಚ್ಚು ಏರಿಸಿದರೆ ಗಾಜು ಕಪ್ಪಾಗುವುದೂ ಹೀಗೆಯೇ. ಎಣ್ಣೆ ಹೆಚ್ಚು, ಗಾಳಿ ಕಡಿಮೆ.

ಈ ಎಂಜಿನ್ನಿಗೆ ಹೆಸರು ಕೊಟ್ಟ ರುಡಾಲ್ಫ್ ಡೀಸೆಲ್ 1858ರ ಮಾರ್ಚ್ 18ರಂದು ಪ್ಯಾರಿಸ್‌ನಲ್ಲಿ ಜನಿಸಿದರು. ತಂದೆ ಚರ್ಮದ ಕುಶಲಕರ್ಮಿ, ಜರ್ಮನಿಯ ಮೂಲದವರು. 1870ರಲ್ಲಿ ಯುದ್ಧ ಶುರುವಾದಾಗ ಕುಟುಂಬ ಊರು ಬಿಟ್ಟಿತು. ಹನ್ನೆರಡು ವರ್ಷದ ರುಡಾಲ್ಫ್ ಜರ್ಮನಿಯ ಆಗ್ಸ್‌ಬರ್ಗ್‌ನ ಬಂಧುಗಳ ಮನೆ ಸೇರಿ ಓದು ಮುಂದುವರಿಸಿದರು. ಉಗಿ ಎಂಜಿನ್ ಕಲ್ಲಿದ್ದಲಿನ ಶಾಖದಲ್ಲಿ ಹತ್ತನೇ ಒಂದು ಭಾಗವನ್ನೂ ಸರಿಯಾಗಿ ಬಳಸದು ಎಂಬುದು ಕಾಲೇಜಿನಲ್ಲಿ ತಿಳಿಯಿತು. ಆ ನಷ್ಟ ಅವರನ್ನು ಬಿಡದೆ ಕಾಡಿತು.

ಸೈಕಲ್ ಪಂಪು ಹೊಡೆಯುವಾಗ ಅದರ ತುದಿ ಬಿಸಿಯಾಗುತ್ತದೆ. ಗಾಳಿಯನ್ನು ಇನ್ನೂ ಬಲವಾಗಿ ಒತ್ತಿದರೆ, ಕಿಡಿಯಿಲ್ಲದೆಯೇ ಇಂಧನ ಹೊತ್ತಿಕೊಳ್ಳುವಷ್ಟು ಕಾಯುತ್ತದೆ. ಇದೇ ಡೀಸೆಲ್‌ರ ಉಪಾಯ. 1893ರ ಮೊದಲ ಪರೀಕ್ಷೆಯಲ್ಲಿ ಒತ್ತಡ ಅಳೆಯುವ ಉಪಕರಣ ಸಿಡಿದು ಚೂರಾಯಿತು. ಅದಕ್ಕಿಂತ ಕಷ್ಟವಾದದ್ದು ಇಂಧನದ ಲೆಕ್ಕ. ಮೊದಲು ಯೋಚಿಸಿದಷ್ಟು ಅಲ್ಪ ಇಂಧನದಿಂದ ಎಂಜಿನ್ ತನ್ನ ಘರ್ಷಣೆಯನ್ನೇ ಮೀರಲಾರದು. ಹೆಚ್ಚಿಸಿದರೆ ಮಸಿ! ಇಂಧನವನ್ನು ಗಾಳಿಯ ರಭಸದಿಂದ ಸಣ್ಣ ಹನಿಗಳಾಗಿ ಸಿಂಪಡಿಸಿ, ವರ್ಷಗಟ್ಟಲೆ ತಿದ್ದಿದರು. 1897ರಲ್ಲಿ ಅವರ ಎಂಜಿನ್ ಇಂಧನದ ಶಾಖದಲ್ಲಿ ಶೇಕಡಾ 26ರಷ್ಟನ್ನು ಕೆಲಸವಾಗಿ ಬದಲಿಸಿತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇಂಥ ಒಂದು ಎಂಜಿನ್ ನಮ್ಮ ಶೇಂಗಾ ಎಣ್ಣೆಯಂಥ ಎಣ್ಣೆಯಲ್ಲೇ ಓಡಿತು.

ಹೆಸರು ಬಂತು, ಆದರೆ ಹಣ ಉಳಿಯಲಿಲ್ಲ. ಸಾಲ ಬೆಳೆದಿತ್ತು. 1913ರ ಸೆಪ್ಟೆಂಬರ್ 29ರ ರಾತ್ರಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಡೀಸೆಲ್ ಕಾಣೆಯಾದರು. ಕೆಲವು ದಿನಗಳ ನಂತರ ಸಮುದ್ರದಲ್ಲಿ ಅವರ ದೇಹ ಸಿಕ್ಕಿತು.

ಎಂಜಿನ್ನಿಗೆ ಇನ್ನಷ್ಟು ಗಾಳಿ ತುಂಬುವ ದಾರಿಯನ್ನು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ತೋರಿಸಿದ್ದರು. ಹೊರಹೋಗುವ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಅದರಿಂದ ಗಾಳಿಯನ್ನು ಒಳಗೆ ಒತ್ತುವುದು. ಇದೇ ಟರ್ಬೊ. ಹಳೆಯ ಟರ್ಬೊ ಕಾರಿನಲ್ಲಿ ಗಾಳಿಯ ರಬ್ಬರ್ ಪೈಪು ಬಿರುಕು ಬಿಟ್ಟರೆ ಗಾಳಿ ಸೋರುತ್ತದೆ, ಇಂಧನ ಮಾತ್ರ ಬರುತ್ತಲೇ ಇರುತ್ತದೆ. ಮೆಕ್ಯಾನಿಕ್‌ಗಳು ಇದಕ್ಕೆ ರಿಚ್ ಮಿಕ್ಸ್ಚರ್ ಎನ್ನುತ್ತಾರೆ. ಹೆಸರು ಶ್ರೀಮಂತ, ಬರಿದಾಗುವುದು ಮಾಲೀಕನ ಕಿಸೆ! ಜಾಣ ಮೆಕ್ಯಾನಿಕ್ ಮೊದಲು ಧೂಳು ತುಂಬಿದ ಏರ್ ಫಿಲ್ಟರ್ ತೆಗೆದು ನೋಡುತ್ತಾನೆ. ಆಮೇಲೆ ಪೈಪಿನಲ್ಲಿ ಸುಯ್ ಎಂಬ ಸದ್ದಿಗೆ ಕಿವಿಗೊಡುತ್ತಾನೆ. ಎರಡೂ ಸರಿಯಿದ್ದರೆ ಇಂಧನ ತೊಟ್ಟಿಕ್ಕುವ ಇಂಜೆಕ್ಟರ್ ಬಿಚ್ಚುತ್ತಾನೆ. ಹೊಗೆ ನೀಲಿಯಾಗಿದ್ದರೆ ಮಾತ್ರ ಉರಿಯುತ್ತಿರುವುದು ಎಂಜಿನ್ ಆಯಿಲ್. ಅದರ ಹುಡುಕಾಟವೇ ಬೇರೆ.