ಕಲಾಮಂಡಲದ ಶಿಲ್ಪಿ ಮಹಾಕವಿ ವಳ್ಳತ್ತೋಳ್

ಗಡಿನಾಡಿನ ನಮಗೆ ಚೆಂಡೆಯ ನಾದವಿಲ್ಲದೆ ಉತ್ಸವವಿಲ್ಲ. ಇಂಥ ನಾದವನ್ನು ಶಾಸ್ತ್ರೋಕ್ತವಾಗಿ ಕಲಿಸುವ ಕೇರಳ ಕಲಾಮಂಡಲವನ್ನು ಕಟ್ಟಿದ ಮಹನೀಯರಿಗೆ ಮಾತ್ರ ಕಿವಿ ಕೇಳುತ್ತಿರಲಿಲ್ಲ. ಅವರೇ ಮಲಯಾಳದ ಮಹಾಕವಿ ವಳ್ಳತ್ತೋಳ್ ನಾರಾಯಣ ಮೇನೋನ್.

1878ರ ಅಕ್ಟೋಬರ್ 16ರಂದು ತಿರೂರು ಸಮೀಪದ ಚೇನ್ನರ ಗ್ರಾಮದಲ್ಲಿ ಜನಿಸಿದ ಇವರು ಸಂಸ್ಕೃತವನ್ನು ಅಭ್ಯಸಿಸಿ, ವಾಲ್ಮೀಕಿ ರಾಮಾಯಣವನ್ನು ಮಲಯಾಳಕ್ಕೆ ಅನುವಾದಿಸಿದರು. ನಡುವಯಸ್ಸಿಗೆ ಮುನ್ನವೇ ಶ್ರವಣಶಕ್ತಿ ನಷ್ಟವಾಯಿತು. ಆ ದುಃಖವನ್ನು ‘ಬಧಿರವಿಲಾಪಂ’ ಎಂಬ ಕಾವ್ಯವಾಗಿಸಿದರೇ ಹೊರತು ಎದೆಗುಂದಿ ಕೂರಲಿಲ್ಲ.

ಆಗ ಕಥಕಳಿಯ ಸ್ಥಿತಿ ಶೋಚನೀಯವಾಗಿತ್ತು. ಆಶ್ರಯವಿತ್ತ ಮನೆತನಗಳು ಕ್ಷೀಣಿಸಿ, ಕಲಾವಿದರು ದಿಕ್ಕಿಲ್ಲದಂತಾಗಿದ್ದರು. ವಳ್ಳತ್ತೋಳರು ಮಣಕ್ಕುಳಂ ಮುಕುಂದ ರಾಜರೊಡಗೂಡಿ ಲಾಟರಿ ನಡೆಸಿ ಹಣ ಸಂಗ್ರಹಿಸಿದರು. 1930ರಲ್ಲಿ ಕುನ್ನಂಕುಳಂ ಬಳಿ ಕಲಾಮಂಡಲ ಆರಂಭವಾಯಿತು. ಮುಂದೆ ಭಾರತಪ್ಪುಳ ನದೀತೀರದ ಚೆರುತುರುತ್ತಿಯಲ್ಲಿ ನೆಲೆಯೂರಿತು. ಪಟ್ಟಿಕ್ಕಾಂತೊಡಿ ರಾವುಣ್ಣಿ ಮೇನೋನರಂಥ ಗುರುಗಳು ಅಲ್ಲಿ ಕಥಕಳಿ ವೇಷದ ಪಾಠ ಹೇಳಿದರು. ಹಾಡುಗಾರಿಕೆ, ಚೆಂಡೆ, ಮದ್ದಳೆಗಳಿಗೂ ಗುರುಕುಲ ಪದ್ಧತಿಯ ಶಿಕ್ಷಣ ದೊರೆಯಿತು. ಮರೆಯಾಗುತ್ತಿದ್ದ ಮೋಹಿನಿಯಾಟ್ಟಕ್ಕೂ ಅಲ್ಲಿ ಮರುಜೀವ ಬಂತು. ಹಾಡು ಕೇಳದ ಕವಿಗೆ ಕಣ್ಣೆದುರಿನ ಮುದ್ರೆ, ಅಭಿನಯಗಳೇ ಆನಂದವಾದವು.

1958ರ ಮಾರ್ಚ್ 13ರಂದು ಅವರು ದಿವಂಗತರಾದರು. ಚೆರುತುರುತ್ತಿಯ ಹಳೆಯ ಕಲಾಮಂಡಲದ ಆವರಣದಲ್ಲೇ ಅವರ ಸಮಾಧಿಯಿದೆ. ಲಾಟರಿಯ ಹಣದಿಂದ ಹುಟ್ಟಿದ ಆ ಕಳರಿಗೆ 2006ರಲ್ಲಿ ವಿಶ್ವವಿದ್ಯಾಲಯದ ಸಮಾನ ಸ್ಥಾನಮಾನ ದೊರೆಯಿತು.

ಫಲ ತನಗೆ ದಕ್ಕದೆಂದು ತಿಳಿದೂ ಮಾಡುವ ಕೆಲಸವೇ ನಿಜವಾದ ಸೇವೆ. ಉತ್ಸವಕ್ಕಾಗಿ ದುಡಿಯುವ ಭಕ್ತಬಾಂಧವರೆಲ್ಲರಿಗೂ ಈ ಮಹಾಕವಿಯ ಬದುಕು ದಾರಿದೀಪವಾಗಲಿ.